ಫ್ಯಾನಿನಲ್ಲಿ ನಡೆದ ವಾಯುಯುದ್ಧ

ಎರಡನೇ ಮಹಾಯುದ್ಧದ ಅತ್ಯುತ್ತಮ ಫೈಟರ್ ವಿಮಾನ ಯಾವುದು, ಅತಿ ದರಿದ್ರ ವಿಮಾನ ಯಾವುದು? ಇಷ್ಟು ವರ್ಷದ ಈ ಜಗಳವನ್ನು ಒಂದೇ ಭಾನುವಾರದಲ್ಲಿ ಮುಗಿಸಿಬಿಡುತ್ತೇನೆಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ! ಪತ್ರಿಕೆಯಲ್ಲಿ ಕರಡು ತಿದ್ದುವ ನನಗೆ ಸಂಪಾದಕರು ಮೊದಲ ಬಾರಿಗೆ ಅರ್ಧ ಪುಟ ಬಿಟ್ಟುಕೊಟ್ಟಿದ್ದರು.

"ನನ್ನ ತೀರ್ಪಿಗೆ ಜಗತ್ತೇ ಕಾಯ್ತಾ ಇದೆ!"

"ಒಲೆ ಮೇಲೆ ಹಾಲೂ ಕಾಯ್ತಾ ಇದೆ. ದಾರಿ ಬಿಡಿ," ಎಂದಳು ಹೆಂಡತಿ. "ನಾಲ್ಕು ಗಂಟೆಗೆ ನಮ್ಮ ಹೆಡ್‌ಮಿಸ್ಟ್ರೆಸ್ ಚಹಾಕ್ಕೆ ಬರ್ತಾರೆ. ಅಸಿಸ್ಟೆಂಟ್ ಹೆಡ್‌ಮಿಸ್ಟ್ರೆಸ್ ಹುದ್ದೆಗೆ ನನ್ನ ಹೆಸರು ಬರೀತಾರೋ ಇಲ್ವೋ, ಇವತ್ತೇ ಗೊತ್ತಾಗೋದು. ದಯವಿಟ್ಟು ಮನುಷ್ಯರ ಥರ ಇರಿ."

ಮನುಷ್ಯನ ಥರ ಇರುವುದೇನು, ನಾನು ವಿಜ್ಞಾನಿಯ ಥರವೇ ಇದ್ದೆ! ಆರು ತಿಂಗಳು ಅಂಟು ಮೆತ್ತಿಕೊಂಡು ಜೋಡಿಸಿದ ನಾಲ್ಕು ಪ್ಲಾಸ್ಟಿಕ್ ವಿಮಾನಗಳನ್ನು ಹಜಾರದ ಫ್ಯಾನಿನ ನಾಲ್ಕು ರೆಕ್ಕೆಗಳಿಗೆ ದಾರದಿಂದ ಕಟ್ಟಿದೆ. ಸ್ಪಿಟ್‌ಫೈರ್, ಹರಿಕೇನ್, ಜೀರೋ, ಕೊನೆಗೆ ಬಫಲೋ. ಹೆಸರೇ ಎಮ್ಮೆ, ಆಕಾರ ಬ್ಯಾರಲ್ಲು! ಫ್ಯಾನು ತಿರುಗಿದಾಗ ಮೊದಲು ಬೀಳುವ ದರಿದ್ರ ವಿಮಾನ ಅದೇ ಎಂದು ಲೇಖನದಲ್ಲಿ ಮುಂಚಿತವಾಗಿಯೇ ಬರೆದಿಟ್ಟೆ. ಸಂಶೋಧನೆಗಾಗಿ ಸಮಯ ಹಾಳು ಮಾಡಬಾರದು ನೋಡಿ.

ಹೆಡ್‌ಮಿಸ್ಟ್ರೆಸ್ ಬಂದರು. ತಲೆಯ ಮೇಲೆ ಗೋಪುರದಂಥ ತುರುಬು. ಕೂತವರೇ, "ಅಬ್ಬಾ, ಸೆಕೆ!" ಎಂದರು.

ಅವಕಾಶ ತಾನಾಗಿ ಮನೆಗೆ ಬಂದಿತ್ತು. ಹೆಂಡತಿ ಚಹಾ ತರಲು ಒಳಗೆ ಹೋದಳು, ನಾನು ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದೆ. ಗುಬುಟು ಕೈಗೇ ಬಂತು! ಫ್ಯಾನು ನೇರವಾಗಿ ಐದಕ್ಕೆ ಜಿಗಿಯಿತು.

ಸ್ಪಿಟ್‌ಫೈರ್ ಕಿಟಕಿಯಿಂದ ಹಾರಿ, ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆ ದಂತವೈದ್ಯರ ಬೋಳುತಲೆಯ ಮೇಲೆ ಇಳಿಯಿತು. "ಯಾರ್ರೀ ಅದು?" ಎಂಬ ಕೂಗು ಕೇಳಿ ಮುಗಿಯುವಷ್ಟರಲ್ಲಿ ಜೀರೋ, ಟ್ರೇ ಹಿಡಿದು ಬರುತ್ತಿದ್ದ ಹೆಂಡತಿಯ ಹಾಲಿನ ಜಗ್ಗಿನಲ್ಲಿ ಮುಳುಗಿತು. ಹರಿಕೇನ್ ಮಾತ್ರ ಗುರಿ ತಪ್ಪಲಿಲ್ಲ. ಸೀದಾ ತುರುಬಿನೊಳಗೆ ಹೊಕ್ಕು, ಬಾಲವಷ್ಟೇ ಹೊರಗೆ ಚಾಚಿ ನಿಂತಿತು!

"ಮೇಡಂ, ಅಲ್ಲಾಡಬೇಡಿ, ಪ್ರೊಪೆಲ್ಲರ್ ಮುರಿಯುತ್ತೆ!" ಎಂದು ನಾನು ಚೀರಿದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಹಾಲು ಮತ್ತೊಮ್ಮೆ ಕಾದಿರಬೇಕು. ಅವಳ ಹನ್ನೆರಡು ವರ್ಷದ ದುಡಿಮೆ ಆ ತುರುಬಿನಲ್ಲಿ ಸಿಕ್ಕಿಕೊಂಡಿತ್ತು. ಆಗ ಮಾತ್ರ ನನಗೆ ಬುದ್ಧಿ ಬಂತು. ಓಡಿ ಹೋಗಿ ಮೇನ್ ಸ್ವಿಚ್ ಆರಿಸಿದೆ.

ಫ್ಯಾನು ನಿಂತಿತು. ಒಂದೇ ಒಂದು ವಿಮಾನ ಮಾತ್ರ ತಣ್ಣಗೆ ತೂಗಾಡುತ್ತಿತ್ತು. ಬಫಲೋ!

ಹೆಡ್‌ಮಿಸ್ಟ್ರೆಸ್ ತುರುಬಿನಿಂದ ಹರಿಕೇನನ್ನು ಕಿತ್ತು ಮೇಜಿನ ಮೇಲಿಟ್ಟು, ಬಿಗಿದ ಮುಖದಲ್ಲಿ ಕೇಳಿದರು: "ಏನ್ರೀ ಇದು?"

ನಾನು ತೊದಲುತ್ತಾ ಅತ್ಯುತ್ತಮ, ಅತಿ ದರಿದ್ರ, ಅರ್ಧ ಪುಟ, ಎಲ್ಲವನ್ನೂ ಒಪ್ಪಿಕೊಂಡೆ.

"ಬಫಲೋ ದರಿದ್ರವೇ? ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೀನಿ. ಫಿನ್ಲೆಂಡಿನವರು ಅದೇ ವಿಮಾನದಲ್ಲಿ ಶತ್ರುಗಳಿಗೆ ನೀರು ಕುಡಿಸಿದ್ರು! ಪುಸ್ತಕ ಪೂರ್ತಿ ಓದಿದ್ರಾ?"

"ಅರ್ಧ... ಅರ್ಧ ಪುಟಕ್ಕೆ ಅರ್ಧ ಪುಸ್ತಕ ಸಾಕು ಅಂತ..."

ಅವರ ತುಟಿ ನಡುಗಿತು. ಮರುಕ್ಷಣ ತುರುಬು ಬಿಚ್ಚಿಹೋಗುವಂತೆ ನಗತೊಡಗಿದರು! ಕಣ್ಣೊರೆಸಿಕೊಂಡು ಮೇಲೆ ನೋಡಿದರು. "ಅದಿರಲಿ, ಉಳಿದ ಮೂರೂ ಬಿದ್ದವು. ಇದೊಂದು ಹೇಗೆ ನಿಂತಿತು?"

"ಇವರು ಕಟ್ಟಿದ್ದು ಬೆಳಿಗ್ಗೆಯೇ ಬಿದ್ದಿತ್ತು ಮೇಡಂ," ಎಂದಳು ಹೆಂಡತಿ. "ಪಾಪ ಅಂತ ನಾನೇ ಎತ್ತಿ ಗಂಟು ಹಾಕಿದ್ದೆ."

"ಭಲೇ! ನಾಳೆಯೇ ನಿಮ್ಮ ಹೆಸರು ಬರೀತೀನಿ. ಇಂಥ ಗಂಟು ಹಾಕೋದನ್ನ ಎಲ್ಲಿ ಕಲಿತ್ರಿ?"

ಹೆಂಡತಿ ಜಗ್ಗಿನಿಂದ ಜೀರೋ ಹೊರತೆಗೆದು ನನ್ನ ಕೈಗಿಟ್ಟಳು.

"ಆ ಬಫಲೋಗಿಂತ ದರಿದ್ರವಾದದ್ದೊಂದನ್ನ ಹದಿನೆಂಟು ವರ್ಷದಿಂದ ಬೀಳದ ಹಾಗೆ ಹಿಡ್ಕೊಂಡಿದೀನಲ್ಲ ಮೇಡಂ!"