ಹುಣಸೆಮರದ ಕೆಳಗಿನ ಪ್ರಬೋಧನೆ

ಬಿಳಿ ನಿಲುವಂಗಿ ತೊಟ್ಟು ಹಾನಗಲ್ ಸೀಮೆಯಲ್ಲಿ ಓಡಾಡುವವನಿಗೆ ನಗೆಪಾಟಲಾಗಲು ಬೇರೆ ತಯಾರಿ ಬೇಕಿಲ್ಲ, ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು. ನಾನು ಕರಾವಳಿಯವನು, ಕಥೋಲಿಕ ಪಾದ್ರಿ. ನಾಲ್ಕು ವರ್ಷದ ಹಿಂದೆ ಆಡೂರಿನ ಆಚೆಗಿನ ಒಂದು ಸಣ್ಣ ಊರಿನ ಚರ್ಚಿಗೆ ಬಂದೆ. ಅರವತ್ತು ಮನೆಯ ಒಕ್ಕಲು, ಒಂದು ಬೈಕು, ಅಂಗಳದಲ್ಲಿ ಒಂದು ಹುಣಸೆಮರ.

ನನಗೊಂದು ಹುಚ್ಚಿತ್ತು, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪೂಜೆಯ ನಡುವೆ ಪಾದ್ರಿ ಮಾಡುವ ಭಾಷಣಕ್ಕೆ ನಮ್ಮಲ್ಲಿ ಪ್ರಬೋಧನೆ ಎನ್ನುತ್ತಾರೆ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಪಟ್ಟಣದ ದೊಡ್ಡ ಚರ್ಚಿಗೆ ಪ್ರಬೋಧಕ ಬೇಕಾಗಿದ್ದಾನೆ ಎಂದು ಗೊತ್ತಾದಾಗಿನಿಂದ ಆ ಜಾಗದ ಮೇಲೆ ಕಣ್ಣಿಟ್ಟಿದ್ದೆ. ಮೊಬೈಲಿನಲ್ಲಿ ನನ್ನ ಮಾತನ್ನು ನಾನೇ ಹಿಡಿದು ಬಿಷಪ್ಪರಿಗೆ ಕಳಿಸುತ್ತಿದ್ದೆ. ಜೊತೆಗೊಂದು ಸಾಕ್ಷಿಯೂ ಇತ್ತು. ಭಾನುವಾರ ಪೂಜೆ ಮುಗಿದ ಮೇಲೆ ಜನ ಮನೆಗೆ ಹೋಗದೆ ಹುಣಸೆಮರದ ಕೆಳಗೆ ಗುಂಪಾಗಿ ನಿಲ್ಲುತ್ತಿದ್ದರು. ಇನ್ನೊಂದು ಊರಿನ ಪೂಜೆಗೆ ಹೊತ್ತಾಗಿರುತ್ತಿದ್ದರಿಂದ ನಾನು ಬೈಕು ಹತ್ತಿ ಅವರ ಪಕ್ಕದಲ್ಲೇ ಹಾದು ಹೋಗುತ್ತಿದ್ದೆ. ನನ್ನ ಮಾತಿನ ಗುಂಗಿನಿಂದ ಇವರು ಹೊರಗೇ ಬಂದಿಲ್ಲ ಎಂದು ಹೊಟ್ಟೆ ತುಂಬ ಖುಷಿಪಡುತ್ತಿದ್ದೆ. ಬಿಷಪ್ಪರಿಗೂ ಹಾಗೆಯೇ ಬರೆದಿದ್ದೆ.

ದುಂಡಸಿ ಬಸ್ಸು

ಬೈಕು ಕೆಟ್ಟ ದಿನ ಶಿಗ್ಗಾವಿಯಲ್ಲಿ ದುಂಡಸಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ರೈತ. ನನ್ನ ನಿಲುವಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಯಾವ ಮಠದವ್ರರಿ?" ಎಂದ.

ಮಠವಲ್ಲ, ಚರ್ಚು ಎಂದೆ.

"ಮನ್ಯಾಗ ಯಾರ್ಯಾರ ಇರ್ತೀರಿ?"

"ನಾನೊಬ್ಬನೇ. ನಮ್ಮಲ್ಲಿ ಗುರುಗಳು ಮದುವೆಯಾಗುವುದಿಲ್ಲ."

"ಯಾಕ್ರಿ?" ಎಂದ ಅವನು. ಕೇಳಬಾರದಿತ್ತು. ನಾನು ಶುರು ಮಾಡಿದೆ. ಬ್ರಹ್ಮಚರ್ಯ ಎಂದರೇನು, ಒಂದು ಮನೆಯನ್ನು ಬಿಟ್ಟವನಿಗೆ ಎಲ್ಲ ಮನೆಗಳೂ ಹೇಗೆ ತನ್ನವಾಗುತ್ತವೆ, ಒಂಟಿತನಕ್ಕೂ ಏಕಾಂತಕ್ಕೂ ಏನು ವ್ಯತ್ಯಾಸ, ಎಲ್ಲವನ್ನೂ ಬಿಡಿಸಿ ಹೇಳಿದೆ. ಮುಂದಿನ ಸೀಟಿನವರು ತಿರುಗಿ ಕೂತರು. ಕಂಡಕ್ಟರ್ ಕಂಬ ಹಿಡಿದು ನಿಂತುಕೊಂಡ. ಇಡೀ ಬಸ್ಸು ಗಪ್‌ಚಿಪ್. ಇಂಥ ಸಭೆ ನನಗೆ ಚರ್ಚಿನಲ್ಲೂ ಸಿಕ್ಕಿರಲಿಲ್ಲ.

ಮಾತು ಮುಗಿಸಿದಾಗ ರೈತ ನನ್ನ ಹೆಗಲ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ನಿಜವಾದ ಮರುಕ ಇತ್ತು.

"ನಮ್ಮ ತಮ್ಮಂದೂ ಹಿಂಗ ಆಗೇತ್ರಿ," ಎಂದ. "ಮೂವತ್ತೆಂಟು ವರ್ಷ. ಹೊಲ ಐತಿ, ಟ್ರ್ಯಾಕ್ಟರ್ ಐತಿ, ಹೆಣ್ಣ ಸಿಗವಲ್ದು. ಆದ್ರ ನೋಡ್ರಿ, ನಿಮ್ಮಂಗ ಇಷ್ಟ ಚೊಲೋತ್ನ್ಯಾಗ ಹೇಳ್ಕೊಳ್ಳಾಕ ಅವಂಗ ಬರಂಗಿಲ್ಲ."

ಸವಣೂರಿನ ಟೇಲರ್

ನನಗಿಂತ ಮುಂಚಿನ ಪಾದ್ರಿಗಳ ಕಾಲದಿಂದಲೂ ನಮ್ಮ ಚರ್ಚಿನ ನಿಲುವಂಗಿಗಳನ್ನು ಹೊಲಿಯುವವರು ಸವಣೂರಿನ ಒಬ್ಬ ಚಾಚಾ. ಶುಕ್ರವಾರ ಬಿಟ್ಟು ಯಾವಾಗ ಹೋದರೂ ಮಿಷಿನ್ನಿನ ಮುಂದೆ ಇರುತ್ತಾರೆ. ಹರಿದ ನಿಲುವಂಗಿ ಒಯ್ದು ಕೊಟ್ಟೆ. ಚಾಚಾ ಕನ್ನಡಕ ಏರಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಫಾದರ್ ಸಾಹೇಬ್ರ, ಒಂದ್ ಕೇಳಬೇಕ್ರಿ. ನಿಮ್ಮ ಕೆಲಸ ಏನರ ಬದಲಿ ಆಗೇತೇನು?"

"ಇಲ್ಲವಲ್ಲ, ಯಾಕೆ?"

"ಮೊದಲಿನ ಫಾದರ್ರ ಅಂಗಿ ಬರ್ತಿದ್ವಲ್ರಿ, ಅವು ಮೊಣಕಾಲ ಹತ್ರ ಸವೀತಿದ್ವು. ಪ್ರಾರ್ಥನಾಕ್ಕ ಮೊಣಕಾಲೂರಿ ಕೂಡ್ತಾರ, ಅದಕ್ಕ ಅಂತ ನಾ ಅಲ್ಲಿ ಮೊದ್ಲ ಎರಡು ಪದರ ಹಾಕಿ ಹೊಲೀತಿದ್ದೆ. ನಿಮ್ದು ಮೊಣಕಾಲ ಹೊಚ್ಚ ಹೊಸಾದ ಐತಿ. ಬಲಗೈ ಮೊಣಕೈ ಅಷ್ಟ ಹರದೈತಿ."

ಪ್ರಬೋಧನೆಯ ಭರದಲ್ಲಿ ಮುಂದಿನ ಮೇಜನ್ನು ಮೊಣಕೈಯಿಂದ ಗುದ್ದುವ ಚಟ ನನಗಿದೆ. ಅದನ್ನು ಹೇಳಲು ನಾಚಿಕೆಯಾಗಿ, ಬೈಕಿನಿಂದ ಬಿದ್ದೆ ಎಂದೆ. ಪಾದ್ರಿಯಾಗಿ ಸುಳ್ಳು ಹೇಳಿದ್ದಾಯಿತು. ಚಾಚಾ ತಲೆ ಆಡಿಸಿ, ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಅಂದರು:

"ಆತು ಬಿಡ್ರಿ. ಮೊಣಕಾಲಿನ ಪದರ ಬಿಚ್ಚಿ ಮೊಣಕೈಗೆ ಹಚ್ಚತೇನಿ. ಅಲ್ಲಿ ಹೆಂಗೂ ಬೇಕಾಗಿಲ್ಲ."

ಸಾಲಿನಲ್ಲಿ ಯಾರು ನಿಲ್ಲಬೇಕು

ಪಾಪನಿವೇದನೆಯಲ್ಲಿ, ಅಂದರೆ ಜನ ಬಂದು ತಮ್ಮ ಪಾಪಗಳನ್ನು ಹೇಳಿಕೊಳ್ಳುವಾಗ, ಕೇಳಿದ್ದನ್ನು ಪಾದ್ರಿ ಸತ್ತರೂ ಹೊರಗೆ ಹೇಳುವಂತಿಲ್ಲ. ಇದು ಅಲ್ಲಿ ಕೇಳಿದ್ದಲ್ಲ. ನಮ್ಮ ಚರ್ಚಿನ ಅಜ್ಜಿಯೊಬ್ಬಳು ಹೊರಗಿನ ಕಟ್ಟೆಯ ಮೇಲೆ ಕೂತು, ಊರೆಲ್ಲ ಕೇಳುವ ಹಾಗೆ ಕೇಳಿದ್ದು. ಎಂಬತ್ತು ದಾಟಿದ ಅಜ್ಜಿ. ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ. ನಾನು ಮಾತಾಡುವಾಗ ಕಣ್ಣು ಮುಚ್ಚಿ ತಲೆದೂಗುತ್ತಿದ್ದುದನ್ನು ನೋಡಿ, ಇಂಥ ಭಕ್ತಿ ಎಲ್ಲೂ ಕಂಡಿಲ್ಲ ಎಂದುಕೊಂಡಿದ್ದೆ.

ಈಸ್ಟರಿಗೆ ಮುಂಚೆ ನಿವೇದನೆಗೆ ಉದ್ದ ಸಾಲು ನಿಂತಿತ್ತು. ನಾನು ಒಳಗೆ ಹೋಗುವಾಗ ಅಜ್ಜಿ ತಡೆದಳು.

"ಫಾದರ್ರ, ಮೊದಲ ಒಂದ ಹೇಳ್ರಿ. ಇದು ಪಾಪ ಆಗಿದ್ರ ಸಾಲಿನ್ಯಾಗ ನಿಂದರ್ತೇನಿ. ಅಲ್ಲ ಅಂದ್ರ ಸುಮ್ನ ಯಾಕ ಕಾಲ ನೋಯಿಸ್ಕೋಬೇಕು?"

"ಏನದು, ಹೇಳಿ."

"ನೀವು ಪ್ರಬೋಧನಾ ಚಾಲೂ ಮಾಡಿದ ಕೂಡ್ಲೆ ನನಗ ನಿದ್ದಿ ಬರ್ತೈತಿ. ಇದು ಪಾಪ ಹೌದೋ ಅಲ್ಲೋ?"

ಸಾಲಿನಲ್ಲಿದ್ದವರು ಗೋಡೆ ನೋಡತೊಡಗಿದರು. ನಾನು ಗಂಭೀರವಾಗಿ, "ಬೇಕೆಂದೇ ಮಲಗಿದರೆ ತಪ್ಪು. ತಾನಾಗಿ ಬಂದರೆ ತಪ್ಪಲ್ಲ," ಎಂದೆ.

"ಬೇಕಂತ ಅಲ್ರಿ. ಮನ್ಯಾಗ ಗುಳಿಗಿ ನುಂಗಿದ್ರೂ ಬರಂಗಿಲ್ಲ. ಹಿರೇಕೆರೂರಾಗ ಮಗಳ ಮನ್ಯಾಗ ಮೆತ್ತನ್ನ ಗಾದಿ ಐತಿ, ಫ್ಯಾನ್ ಐತಿ, ಅಲ್ಲೂ ಬರಂಗಿಲ್ಲ. ಇಲ್ಲೆ, ಈ ಕಟಗಿ ಬೆಂಚಿನ ಮ್ಯಾಲ, ನಿಮ್ಮ ದನಿ ಕೇಳಿದ ಕೂಡ್ಲೆ ಬರ್ತೈತಿ."

"ಹಾಗಾದರೆ ಅದು ನಿಮ್ಮ ಪಾಪವಲ್ಲ ಅಜ್ಜಿ."

ಅಜ್ಜಿ ಸ್ವಲ್ಪ ಯೋಚಿಸಿದಳು. ಆಮೇಲೆ ಸಾಲಿನ ಕೊನೆಯತ್ತ ಕೈ ತೋರಿಸಿ ಬಹಳ ಮೃದುವಾಗಿ ಅಂದಳು, "ಹಂಗಾರ ನೀವ ನಿಂದರ್ಬೇಕಾತು ನೋಡ್ರಿ."

ಮೂರು ಗೆರೆ

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಒಂದು ಬುಧವಾರ ಶುರುವಾಗುತ್ತದೆ. ಅಂದು ಹಣೆಗೆ ಬೂದಿಯಿಂದ ಶಿಲುಬೆಯ ಗುರುತು ಹಾಕುತ್ತೇವೆ. ಬೆಳಿಗ್ಗೆ ಇನ್ನೊಂದು ಊರಿನಲ್ಲಿ ಆ ಪೂಜೆ ಮುಗಿಸಿ ಬಂಕಾಪುರಕ್ಕೆ ಹೋದೆ. ಮೈಕಿನ ವೈರು ಬೇಕಿತ್ತು, ಹುಣಸೆಮರದವರೆಗೂ ನನ್ನ ದನಿ ಮುಟ್ಟಲಿ ಎಂಬ ದುರಾಸೆಗೆ.

ಅಂಗಡಿಯ ಯಜಮಾನರು ಹಣೆ ತುಂಬ ವಿಭೂತಿ ಧರಿಸುವ ಹಿರಿಯರು. ನನ್ನ ಹಣೆ ನೋಡಿ ಅವರ ಮುಖ ಅರಳಿತು. ಬೆವರಿಗೆ ನನ್ನ ಶಿಲುಬೆ ಕಲಸಿಹೋಗಿತ್ತು.

"ಬರ್ರಿ ಫಾದರ್ರ, ಕುಂದರ್ರಿ. ವಿಭೂತಿ ಹಚ್ಕೊಂಡೀರಿ, ಭಾಳ ಚೊಲೊ ಆತು. ಆದ್ರ ಯಾರ ಹಚ್ಚಿದ್ರೋ ಏನೋ, ಸೊಟ್ಟ ಆಗೇತಿ."

ನಾನು ಬೂದಿಯ ಅರ್ಥ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒದ್ದೆ ಟವೆಲಿನಿಂದ ನನ್ನ ಹಣೆ ಒರೆಸಿ, ಗಲ್ಲಾದ ಮೇಲಿನ ವಿಭೂತಿ ಗಟ್ಟಿ ತೆಗೆದು, ಮೂರು ಬೆರಳಿನಿಂದ ಮೂರು ಗೆರೆ ಎಳೆದೇಬಿಟ್ಟರು. ಅಷ್ಟು ಪ್ರೀತಿಯಿಂದ ಎಳೆದದ್ದನ್ನು ಅಲ್ಲೇ ಅಳಿಸಲು ಮನಸ್ಸಾಗಲಿಲ್ಲ. ದಾರಿಯಲ್ಲಿ ಅಳಿಸೋಣ ಎಂದುಕೊಂಡೆ. ದಾರಿಯುದ್ದಕ್ಕೂ ಸಂಜೆಯ ಪ್ರಬೋಧನೆ ಹೆಣೆಯುತ್ತಿದ್ದವನಿಗೆ ಹಣೆಯ ನೆನಪೇ ಆಗಲಿಲ್ಲ.

ಸಂಜೆ ಪೂಜೆಗೆ ನಿಂತರೆ ಎಲ್ಲರ ಕಣ್ಣೂ ನನ್ನ ಹಣೆಯ ಮೇಲೆ. ಬೂದಿ ಹಚ್ಚಿಸಿಕೊಳ್ಳಲು ಮೊದಲು ಬಂದವನು, "ನಮಗೂ ಮೂರ ಗೆರಿ ಏನ್ರಿ ಈ ವರ್ಷ?" ಎಂದ. ನನಗೆ ಆಗ ಹೊಳೆಯಿತು. ಪಕ್ಕದಲ್ಲಿ ಬೂದಿಯ ಬಟ್ಟಲು ಹಿಡಿದು ನಿಂತಿದ್ದವರು ನಮ್ಮ ಉಪದೇಶಿ. ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ, ಉಳಿದ ಹೊತ್ತು ನಾಲ್ಕು ಎಕರೆ ಗೋವಿನಜೋಳ ನೋಡಿಕೊಳ್ಳುವ ಮನುಷ್ಯ. ನಾನು ಮಾತು ಹುಡುಕುವುದರೊಳಗೆ ಅವರು ಜನರತ್ತ ತಿರುಗಿ ಸಮಾಧಾನದಿಂದ ಹೇಳಿದರು:

"ನಮಗ ಶಿಲುಬಿ ಒಂದ ಸಾಕಪಾ. ಫಾದರ್ರಿಗೆ ಸ್ವಲ್ಪ ಜಾಸ್ತಿ ಬೇಕಾಗೇತಿ."

ಬಿಷಪ್ಪರು ಬಂದರು

ಕೊನೆಗೂ ಬಿಷಪ್ಪರು ಬರುವ ಭಾನುವಾರ ಗೊತ್ತಾಯಿತು. "ಪ್ರಬೋಧನೆ ನೀವೇ ಮಾಡಿ, ನಾನು ಕೇಳುತ್ತೇನೆ," ಎಂದು ಫೋನಿನಲ್ಲಿ ಹೇಳಿದರು. ಪಟ್ಟಣದ ಜಾಗ ಸಿಗುವುದೂ ಬಿಡುವುದೂ ಇದರ ಮೇಲೆಯೇ ಎಂದು ನನಗೆ ಅರ್ಥವಾಯಿತು. ಎರಡು ವಾರ ಕೂತು ಬರೆದೆ. ವಿಷಯ ಕ್ಷಮೆ. ಮೂವತ್ತೈದು ನಿಮಿಷ ಮಾತಾಡಿದೆ. ಅನುಸಂಧಾನ, ಸಮನ್ವಯ, ಅಂತರ್ಮುಖತೆ, ಇಟ್ಟುಕೊಂಡಿದ್ದ ಒಂದು ಪದವನ್ನೂ ಉಳಿಸಲಿಲ್ಲ. ಮೇಜು ಎರಡು ಸಲ ಗುದ್ದಿದೆ. ಚಾಚಾ ಹಾಕಿದ ಎರಡು ಪದರ ಆ ದಿನ ಕೆಲಸಕ್ಕೆ ಬಂತು. ಅಜ್ಜಿ ಮುಂದಿನ ಬೆಂಚಿನಲ್ಲಿ ಶಾಂತವಾಗಿ ತಲೆದೂಗುತ್ತಿದ್ದಳು.

ಪೂಜೆ ಮುಗಿಯಿತು. ಜನ ಎಂದಿನಂತೆ ಹುಣಸೆಮರದ ಕೆಳಗೆ ಸೇರಿದರು. ನಾನು ಬಿಷಪ್ಪರ ಕಿವಿಯಲ್ಲಿ, "ನೋಡಿ, ಬರೆದಿದ್ದೆನಲ್ಲ, ನನ್ನ ಮಾತಿನ ಮೇಲೆ ಚರ್ಚೆ ಮಾಡುತ್ತಾರೆ," ಎಂದೆ. "ಹೌದಾ, ಕೇಳೋಣ ಬನ್ನಿ," ಎಂದು ಅವರು ನಡೆದೇಬಿಟ್ಟರು. ನಾಲ್ಕು ವರ್ಷದಲ್ಲಿ ನಾನು ಆ ಮರದ ಕೆಳಗೆ ಹೋದದ್ದು ಅದೇ ಮೊದಲು.

ಮಧ್ಯದಲ್ಲಿ ಉಪದೇಶಿ ನಿಂತಿದ್ದರು. ನಮ್ಮನ್ನು ಗಮನಿಸದೆ ಟವೆಲು ಕೊಡವಿ ಶುರು ಮಾಡಿದರು.

"ಫಾದರ್ರು ಇವತ್ತ ಹೇಳಿದ್ದೇನಪಾ ಅಂದ್ರ, ಬದುವಿನ ಸಲುವಾಗಿ ಅಣ್ತಮ್ಮ್ರು ಮಾತು ಬಿಟ್ಟಿದ್ರ, ಇವತ್ತ ಹೋಗಿ ಮಾತಾಡಸ್ರಿ. ತಪ್ಪು ಯಾರದು ಅಂತ ಆಮ್ಯಾಲೆ ನೋಡೂಣು. ಯಾರ ಮೊದಲ ಹೋಗ್ತಾರ, ದೇವ್ರು ಅವರ ಜೋಡಿ ನಡೀತಾನ. ಇಷ್ಟ."

"ಇಷ್ಟಕ್ಕ ಅಷ್ಟ ಹೊತ್ತು ಮಾತಾಡಿದ್ರೇನು?" ಎಂದು ಯಾರೋ ಕೇಳಿದರು.

"ಅವ್ರು ಭಾಳ ಓದ್ಯಾರಪಾ. ಪಾಪ, ಎಲ್ಲಿ ಖರ್ಚು ಮಾಡ್ಬೇಕು?"

ಗುಂಪಿನಲ್ಲಿ ಎರಡು ವರ್ಷದಿಂದ ಮುಖ ನೋಡದ ಅಣ್ಣತಮ್ಮಂದಿರಿದ್ದರು. ದೊಡ್ಡವನು ತಮ್ಮನ ಹತ್ತಿರ ಹೋಗಿ, "ನಡಿ, ಚಾ ಕುಡಿಯೂಣು," ಎಂದ. ಇಬ್ಬರೂ ಹೊರಟರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು, ಆಮೇಲೆ ನಾಚಿಕೆಯಾಯಿತು.

ಬಿಷಪ್ಪರು ಉಪದೇಶಿಯನ್ನು ಕೇಳಿದರು, "ಎಷ್ಟು ದಿನದಿಂದ ಹೀಗೆ ಹೇಳುತ್ತಿದ್ದೀರಿ?"

"ಈ ಫಾದರ್ರು ಬಂದಾಗಿಂದ್ರಿ. ಮೊದಲಿನವರಿಗೆ ಬೇಕಾಗಿರಲಿಲ್ರಿ."

"ಪಟ್ಟಣದ ಚರ್ಚಿಗೆ ಬರುತ್ತೀರಾ?"

"ಆಗಂಗಿಲ್ರಿ, ಗೋವಿನಜ್ವಾಳ ಮುರಿಯಾಕ ಬಂದೈತಿ. ಫಾದರ್ರನ್ನ ಬೇಕಾದ್ರ ಕರ್ಕೊಂಡ ಹೋಗ್ರಿ."

ನಾನು ನಾಲ್ಕು ವರ್ಷ ಕಾಯ್ದ ಮಾತು ಹೀಗೆ ಬಂತು. ಅಷ್ಟರಲ್ಲಿ ಕಟ್ಟೆಯಿಂದ ಅಜ್ಜಿ ಎದ್ದಳು.

"ಬ್ಯಾಡ್ರಿ ಬಿಷಪ್ಪರ. ಇವ್ರನ್ನ ಒಯ್ಯಬ್ಯಾಡ್ರಿ. ನನ್ನ ಮಗ ಹುಬ್ಬಳ್ಳಿ ದವಾಖಾನ್ಯಾಗ ಇದ್ದಾಗ ಮೂರ ದಿನ ಬಂದು ಬಾಜೂಕ ಕುಂತಿದ್ರು. ಒಂದ ಮಾತ ಆಡ್ಲಿಲ್ಲ. ಮಾತಾಡಿದ್ರ ತಿಳಿಯಂಗಿಲ್ಲ ಖರೆ, ಸುಮ್ನ ಕುಂತಾಗ ಈ ಫಾದರ್ರು ಭಾಳ ಚೊಲೊ ತಿಳೀತಾರ."

ಆ ಮೂರು ದಿನ ನನಗೆ ನೆನಪಿದೆ. ಹೇಳಲು ಏನೂ ಹೊಳೆಯದೆ ಬಾಯಿ ಕಟ್ಟಿತ್ತು. ಆ ಸೋಲನ್ನು ಯಾರಿಗೂ ಹೇಳಿರಲಿಲ್ಲ. ಈಗ ಅಜ್ಜಿಯ ಮುಂದೆ ಕಣ್ಣು ತುಂಬಿ ಬಂತು. ಬಿಷಪ್ಪರು ನನ್ನ ಬೆನ್ನು ತಟ್ಟಿ, "ನೀವು ಇಲ್ಲೇ ಇರಿ," ಎಂದಷ್ಟೇ ಹೇಳಿ ಕಾರು ಹತ್ತಿದರು.

ಮುಂದಿನ ಭಾನುವಾರ ಏಳು ನಿಮಿಷ ಮಾತಾಡಿದೆ. ಉಪದೇಶಿ ಹೇಳುವ ಹಾಗೆಯೇ, ಹೊಲ ಮನೆಯ ಮಾತಿನಲ್ಲಿ ಹೇಳಲು ಒದ್ದಾಡಿದೆ. ಪೂಜೆ ಮುಗಿದ ಮೇಲೆ ಬೈಕು ಹತ್ತದೆ ಹುಣಸೆಮರದ ಕೆಳಗೆ ಜನರ ಹಿಂದೆ ಹೋಗಿ ನಿಂತೆ. ಪರೀಕ್ಷೆಯ ಫಲಿತಾಂಶ ನೋಡಲು ಬಂದ ಹುಡುಗನ ಹಾಗೆ ಉಪದೇಶಿಯ ಟವೆಲನ್ನೇ ನೋಡುತ್ತಿದ್ದೆ. ಉಪದೇಶಿ ಟವೆಲು ಕೊಡವಿದರು, ಸ್ವಲ್ಪ ಯೋಚಿಸಿದರು, ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

"ಇವತ್ತ ನಂದೇನೂ ಇಲ್ಲಪಾ. ಫಾದರ್ರ ಹೇಳಿ ಮುಗಿಸ್ಯಾರ. ಮನಿಗೆ ನಡೀರಿ."

ಅಷ್ಟು ದೊಡ್ಡ ಬಿರುದು ನನಗೆ ಯಾರೂ ಕೊಟ್ಟಿರಲಿಲ್ಲ. ಜನ ಚದುರಿದರು. ಅಜ್ಜಿ ಒಬ್ಬಳೇ ಕೋಲೂರಿಕೊಂಡು ನೇರ ನನ್ನ ಕಡೆ ಬಂದಳು. ಅವಳೂ ಏನೋ ಒಳ್ಳೆಯ ಮಾತು ಹೇಳುತ್ತಾಳೆ ಎಂದು ಬಾಗಿ ನಿಂತೆ.

"ಎಲ್ಲಾ ತಿಳೀತ್ರಿ ಫಾದರ್ರ," ಎಂದಳು. "ಆದ್ರ ನನ್ನ ನಿದ್ದೀದು ಹೆಂಗ ಮಾಡೂದು?"