ಸರಪಳಿ ಒಂದೋ ಎರಡೋ

ಲಾರಿಗೆ ತಗುಲಿದ ಖರ್ಚು ಹೀಗಿತ್ತು. ಅರವತ್ತೆರಡು ಚಕ್ರಗಳಿಗೆ, ಹೆಂಡತಿ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟ ದುಡ್ಡು. ಪ್ಲಾಸ್ಟಿಕ್ ಹಾಳೆ, ಅಂಟು, ಬಣ್ಣಗಳಿಗೆ, ಮನೆಮಂದಿಯೆಲ್ಲ ಎರಡು ವರ್ಷ ಹೊಸ ಬಟ್ಟೆ ಕಾಣದೆ ಉಳಿಸಿದ ಹಣ. ಹೊಗೆಕೊಳವೆಯ ಹಿತ್ತಾಳೆಗೆ ಮಗಳ ಸೈಕಲ್ಲಿನ ರಿಪೇರಿಗೆಂದು ಇಟ್ಟದ್ದು. ಇವೆಲ್ಲ ಹೋಗಲಿ ಎನ್ನಬಹುದು. ದೊಡ್ಡ ಖರ್ಚೆಂದರೆ ಊಟದ ಮೇಜು. ಒಂದೂವರೆ ಮೀಟರ್ ಉದ್ದದ ಲಾರಿ ಅದರ ಮೇಲೆ ಬಂದು ನಿಂತ ದಿನದಿಂದ ಮೂರು ಜನರ ಸಂಸಾರ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿತ್ತು.

ಒಂದು ಎಂಜಿನ್ನಿನ ಹಿಂದೆ ಮೂರು ಟ್ರೇಲರು ಕಟ್ಟಿಕೊಂಡು ದಿನಗಟ್ಟಲೆ ಹೆದ್ದಾರಿಯಲ್ಲಿ ಓಡುವ ಲಾರಿಗಳಿರುತ್ತವಲ್ಲ, ಅಂಥದೊಂದರ ಇಪ್ಪತ್ತನಾಲ್ಕನೆಯ ಒಂದು ಪಾಲಿನ ಮಾದರಿ ಅದು. ಮಾಡುತ್ತಿದ್ದವನು ನೀರು ಸರಬರಾಜು ಕಚೇರಿಯ ಗುಮಾಸ್ತ. ಓಣಿಯವರೆಲ್ಲ ಅವನನ್ನು ‘ಮಿಲಿಮೀಟರ್’ ಎನ್ನುತ್ತಿದ್ದರು. ಅವನಿಗೂ ಆ ಹೆಸರು ಇಷ್ಟವೇ. ಹೊಗಳಿಕೆ ಎಂದುಕೊಂಡಿದ್ದ.

“ಈ ಸಲ ಮಾದರಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದ್ರೆ ಮೇಜು ನಿಮ್ಮದೇ,” ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು. “ಬರದಿದ್ರೆ ಆ ರೈಲು ಅಟ್ಟಕ್ಕೆ, ನಾವು ಮೇಜಿಗೆ.”

“ರೈಲಲ್ಲ ಕಣೇ, ಲಾರಿ.”

“ಏನಾದ್ರೂ ಆಗ್ಲಿ. ಅದರ ಮೇಲೆ ಊಟ ಬಡಿಸೋಕಾಗಲ್ವಲ್ಲ.”

ಎಲ್ಲ ಸರಿಯಾಗಿಯೇ ಇತ್ತು, ಕೆಳಮನೆಯ ಹಲ್ಲಿನ ಡಾಕ್ಟರು ಒಂದು ಸಂಜೆ ಬಂದು ನೋಡುವವರೆಗೆ. ಪ್ರತಿವರ್ಷ ಪ್ರದರ್ಶನದಲ್ಲಿ ಗುಮಾಸ್ತನಿಗೆ ಎದುರಾಳಿ ಅವರೇ. ಡಾಕ್ಟರು ಲಾರಿಯನ್ನು ಸುತ್ತು ಹಾಕಿ, ರೋಗಿಯ ಬಾಯೊಳಗೆ ಬಗ್ಗಿದಂತೆ ಬಗ್ಗಿ, ನಾಲಿಗೆ ಲೊಚಗುಟ್ಟಿದರು.

“ಚೆನ್ನಾಗಿದೆ ರೀ. ಆದ್ರೆ ಎರಡನೇ ಟ್ರೇಲರಿಗೂ ಮೂರನೇದಕ್ಕೂ ಮಧ್ಯೆ, ಕೆಳಗಡೆ, ಸುರಕ್ಷತೆಗೆ ಅಂತ ಸರಪಳಿ ಹಾಕಿರ್ತಾರಲ್ಲ? ನೀವು ಒಂದು ಹಾಕಿದ್ದೀರಿ. ಎರಡಲ್ವಾ ಅದು?”

“ಒಂದೇ ಇರಬೇಕು.”

“ಇರಬೇಕು ಅನ್ನೋದು ಬೇರೆ, ಇದೆ ಅನ್ನೋದು ಬೇರೆ,” ಎಂದು ಡಾಕ್ಟರು ಎದ್ದರು. “ನನಗಂತೂ ಈ ವರ್ಷ ಪುರುಸೊತ್ತಿಲ್ಲಪ್ಪ. ಬೆಳಗಾದ್ರೆ ಜನ ಕೆನ್ನೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ನಾನು ಏನೂ ಮಾಡಿಲ್ಲ. ಬಹುಮಾನ ನಿಮ್ಮದೇ ಅಂತ ಇಟ್ಕೊಳ್ಳಿ.”

ಬಹುಮಾನ ಕೊಟ್ಟು ನಿದ್ದೆ ಕಿತ್ತುಕೊಂಡು ಹೋದರು. ಗುಮಾಸ್ತ ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ. ಜನ ಲಾರಿಯ ಮುಖದ ಚಿತ್ರ ತೆಗೆಯುತ್ತಾರೆ, ಮಗ್ಗುಲಿನ ಚಿತ್ರ ತೆಗೆಯುತ್ತಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ, ಅದೂ ತಳದಲ್ಲಿ, ಕ್ಯಾಮೆರಾ ತೂರಿಸಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ಲಾರಿ ಯಾರ್ಡಿಗೆ ಹೋದರೆ ಕಾವಲುಗಾರ ಗೇಟಿನಲ್ಲೇ ತಡೆದ. ಕೊನೆಗೆ ಪೆಟ್ರೋಲ್ ಬಂಕಿನಲ್ಲಿ ಅಂಥದೇ ಲಾರಿ ನಿಲ್ಲಿಸಿಕೊಂಡ ಒಬ್ಬ ಡ್ರೈವರು ಸಿಕ್ಕಿದ. ಆನೆಯಂಥ ಮೈ, ಆನೆಯಂಥದೇ ನಡೆ.

“ಸರಪಳಿ ಎಷ್ಟಿದೆ?”

“ಒಂದು ಸಾರ್,” ಎಂದ ಡ್ರೈವರು. ಒಂದು ಗುಟುಕು ಟೀ ಕುಡಿದು, “ಅಥವಾ ಎರಡು,” ಎಂದ. “ಇಪ್ಪತ್ತು ವರ್ಷದಿಂದ ಓಡಿಸ್ತಿದ್ದೀನಿ, ಮುಂದೆ ನೋಡ್ಕೊಂಡೇ ಓಡಿಸಿದ್ದೀನಿ. ಹಿಂದಿಂದು ದೇವರಿಗೆ ಬಿಟ್ಟಿದ್ದು. ಬೇಕಾದ್ರೆ ಶನಿವಾರ ಗಾಡಿ ಖಾಲಿ ಇರತ್ತೆ, ನಿಮ್ಮ ಮನೆ ಮುಂದೇನೇ ತಂದು ನಿಲ್ಲಿಸ್ತೀನಿ, ನೋಡ್ಕೊಳ್ಳಿ. ಓಣೀಲಿ ಹಿಡಿಸತ್ತಾ?”

ಹಿಡಿಸುತ್ತದೆಯೇ ಎಂದು ಕೇಳಿದ್ದು ಮಿಲಿಮೀಟರನ್ನು! ಅಂದು ರಾತ್ರಿಯೇ ಅವನು ಓಣಿಯನ್ನು ಅಳೆದ. ಮೇಜಿನ ಮೇಲೆ ಮಗಳ ಪಠ್ಯಪುಸ್ತಕಗಳನ್ನು ಎರಡು ಸಾಲು ಜೋಡಿಸಿ ಓಣಿ ಮಾಡಿದ, ತಿರುವಿನ ದೀಪದ ಕಂಬಕ್ಕೆ ಪೆನ್ಸಿಲು ನಿಲ್ಲಿಸಿದ, ತನ್ನ ಲಾರಿಯನ್ನು ನಡುವೆ ಓಡಿಸಿದ. ಲಾರಿ ಹಾವಿನಂತೆ ಬಳುಕಿ ತಿರುವು ದಾಟಿತು. ಟ್ರೇಲರುಗಳ ಕೊಂಡಿಯನ್ನು ತಾನು ಇನ್ನೂ ಬಿಗಿ ಮಾಡಿಲ್ಲ, ಅದಕ್ಕೇ ಅದು ಬಳುಕುತ್ತಿದೆ ಎಂಬುದು ಅವನ ತಲೆಗೆ ಹೋಗಲಿಲ್ಲ. ಡ್ರೈವರಿಗೆ ಫೋನು ಮಾಡಿ, “ಧಾರಾಳವಾಗಿ ಬನ್ನಿ, ಪ್ರಯೋಗ ಮಾಡಿ ನೋಡಿದ್ದೀನಿ,” ಎಂದ.

ಶನಿವಾರ. ಸಂಜೆ ಐದಕ್ಕೆ ಪ್ರದರ್ಶನ. ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಓಣಿಗೆ ನುಗ್ಗಿತು. ಎಂಜಿನ್ನು ತಿರುಗಿತು, ಮೊದಲ ಟ್ರೇಲರು ತಿರುಗಿತು. ಎರಡನೆಯದು ಕಂಬಕ್ಕೆ ಭುಜ ಕೊಟ್ಟು ನಿಂತಿತು. ಮೂರನೆಯದು ಹಲ್ಲಿನ ಡಾಕ್ಟರ ಬಾಗಿಲನ್ನು ಅಡ್ಡಗಟ್ಟಿಕೊಂಡು, ಊರಿಗೆ ಬಂದ ನೆಂಟ ಇನ್ನು ಏಳುವುದಿಲ್ಲ ಎಂಬಂತೆ ಕೂತುಬಿಟ್ಟಿತು. ಒಳಗೆ ಡಾಕ್ಟರು, ಹೊರಗೆ ಕೆನ್ನೆ ಊದಿದ ಐದಾರು ಜನ.

“ಹಿಂದಕ್ಕೆ ತಗೋಳಪ್ಪಾ,” ಎಂದು ಕೂಗಿದರು ಎದುರು ಮನೆಯ ರಿಟೈರ್ಡ್ ಹೆಡ್‌ಮಾಸ್ಟರು.

“ಮೂರು ಟ್ರೇಲರಿನ ಗಾಡಿ ಹಿಂದಕ್ಕೆ ಹೋಗಲ್ಲ ಸಾರ್, ಮಡಚ್ಕೊಳ್ಳತ್ತೆ.”

“ಅದೆಲ್ಲ ಮನಸ್ಸಿದ್ರೆ ಆಗತ್ತೆ. ನಾನು ಹೇಳ್ತೀನಿ, ನೀನು ಮಾಡು. ಎಡಕ್ಕೆ! ಎಡಕ್ಕೆ ಅಂದ್ರೆ ನನ್ನ ಎಡಕ್ಕಯ್ಯಾ!”

ಹೆಡ್‌ಮಾಸ್ಟರು ಜೀವಮಾನದಲ್ಲಿ ಸ್ಕೂಟರೊಂದನ್ನು ಬಿಟ್ಟು ಬೇರೇನನ್ನೂ ಓಡಿಸಿದವರಲ್ಲ. ಆದರೂ ನಲವತ್ತು ವರ್ಷ ತಮಗೇ ಗೊತ್ತಿಲ್ಲದ್ದನ್ನು ಮಕ್ಕಳಿಗೆ ಕಲಿಸಿದ ಧೈರ್ಯವಿತ್ತು. ಅವರ ಮಾತು ಕೇಳಿ ಡ್ರೈವರು ಎರಡಡಿ ಹಿಂದೆ ಬಂದ. ಟ್ರೇಲರುಗಳು ಮುನಿಸಿಕೊಂಡ ವಾರಗಿತ್ತಿಯರಂತೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದವು. ಈಗ ಲಾರಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಎದುರಿನ ಮೇಲ್ಮನೆಯ ಅಜ್ಜಿ ಬಾಲ್ಕನಿಯಿಂದ ಬಗ್ಗಿದಳು. “ಏನೋ ಮಗಾ, ಅದಕ್ಕೆ ಸ್ವಲ್ಪ ಎಣ್ಣೆ ಹಚ್ಚಿ ಎಳೀಬಾರದಾ? ಬೆರಳಲ್ಲಿ ಉಂಗುರ ಸಿಕ್ಕಿಬಿದ್ರೆ ನಾವು ಹಾಗೇ ಮಾಡೋದು.”

ಡ್ರೈವರು ಇಳಿದು ಬಂದು ಗುಮಾಸ್ತನ ಎದುರು ನಿಂತ. “ಪ್ರಯೋಗ ಮಾಡಿದೀನಿ ಅಂದ್ರಲ್ಲ ಸಾರ್?”

“ಮಾಡಿದೀನಿ. ಮೇಜಿನ ಮೇಲೆ ಸಲೀಸಾಗಿ ತಿರುಗ್ತು. ನಿಮ್ಮ ಗಾಡೀಲೇ ಏನೋ ದೋಷ ಇರಬೇಕು.”

ಡ್ರೈವರು ಮೇಲಿನಿಂದ ಕೆಳಗಿನವರೆಗೆ ಅವನನ್ನು ನೋಡಿದ. ಕಂಪನಿಗೆ ಫೋನು ಮಾಡಲು ಹೋದ.

ಅಷ್ಟರಲ್ಲಿ ಹಿಂದೆ ಶಾಲೆಯ ಬಸ್ಸು, ಅದರ ಹಿಂದೆ ನೀರಿನ ಟ್ಯಾಂಕರು, ಅದರ ಹಿಂದೆ ಹಾರ್ನು ಮಾತ್ರ ಕೇಳಿಸುವ ಇನ್ನೂ ಹಲವು. ನೀರಿನ ಟ್ಯಾಂಕರಿನವನು ಗುಮಾಸ್ತನನ್ನು ಗುರುತು ಹಿಡಿದ. “ನಮ್ಮ ಆಫೀಸಿನವರೇ! ನೀರು ಯಾಕೆ ಬರಲಿಲ್ಲ ಅಂತ ಜನ ಕೇಳಿದ್ರೆ ನಿಮ್ಮ ಮೇಜಿನ ನಂಬರೇ ಕೊಡ್ತೀನಿ!”

ಕೈಯಲ್ಲಿ ಸೌಟು ಹಿಡಿದೇ ಹೆಂಡತಿ ಮೆಟ್ಟಿಲಿಳಿದು ಬಂದಳು. ಲಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ರೀ, ಒಂದು ಮಾತು ಕೇಳ್ಲಾ? ಒಂದು ಸರಪಳಿ ನೋಡೋಕೆ ಇಷ್ಟುದ್ದ ಗಾಡೀನ ಇಲ್ಲಿಗೆ ತರಿಸಿದ್ರಲ್ಲ, ಪೆಟ್ರೋಲ್ ಬಂಕಲ್ಲೇ ಬಗ್ಗಿ ನೋಡಬಹುದಿತ್ತಲ್ವಾ?”

ಅದು ಗುಮಾಸ್ತನಿಗೆ ಹೊಳೆದೇ ಇರಲಿಲ್ಲ.

ಜನರ ಕಣ್ಣು ತಪ್ಪಿಸಲು ಉಳಿದ ಜಾಗ ಒಂದೇ, ಲಾರಿಯ ತಳ. ಟೇಪು ಹಿಡಿದು ಅಲ್ಲಿಗೆ ನುಸುಳಿದ. ನುಸುಳುವಾಗ ಒಂದು ಚಪ್ಪಲಿ ಹೊರಗೇ ಉಳಿಯಿತು. ಒಳಗೆ ಗ್ರೀಸು, ಧೂಳು. ಅಲ್ಲೇ ಇತ್ತು ಉತ್ತರ, ಅವನ ಮೂಗಿನಿಂದ ಗೇಣು ದೂರದಲ್ಲಿ: ಸರಪಳಿ ಎರಡು! ಬರಿಯ ಎರಡಲ್ಲ, ಕತ್ತರಿ ಹಾಕಿದಂತೆ ಒಂದರ ಮೇಲೊಂದು ಹಾದು ಹೋಗಿದ್ದವು. ಹೊರಗೆ ಅವನ ವಂಶಕ್ಕೇ ಮಂತ್ರಾಕ್ಷತೆ ನಡೆಯುತ್ತಿತ್ತು. ಒಳಗೆ ಅವನು ಮಗು ಹುಟ್ಟಿದ ಸುದ್ದಿ ಕೇಳಿದವನಂತೆ ಕಣ್ಣೀರು ಒರೆಸಿಕೊಂಡು ಕೊಂಡಿ ಕೊಂಡಿಯನ್ನೂ ಅಳೆಯುತ್ತಿದ್ದ.

ಕೆಳಮನೆಯ ಕಿಟಕಿಯಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಸಣ್ಣಗೆ ಕೇಳಿಸುತ್ತಲೇ ಇತ್ತು. ರೋಗಿಗಳೆಲ್ಲ ಹೊರಗಿರುವಾಗ ಡಾಕ್ಟರು ಯಾರ ಹಲ್ಲು ಕೊರೆಯುತ್ತಿದ್ದಾರೆ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಬಂದು, ಸರಪಳಿಯ ದಪ್ಪ ಎಷ್ಟು ಎಂಬ ಪ್ರಶ್ನೆಗೆ ದಾರಿ ಬಿಟ್ಟು ಹೋಯಿತು.

ಕಂಪನಿಯ ಇನ್ನೊಂದು ಎಂಜಿನ್ನು ಬಂದು ಟ್ರೇಲರುಗಳನ್ನು ಒಂದೊಂದಾಗಿ ಕಳಚಿ ಎಳೆದುಕೊಂಡು ಹೋಗುವಷ್ಟರಲ್ಲಿ ಮೂರು ಗಂಟೆ. ಡ್ರೈವರು ಹೋಗುವಾಗ ಕಿಟಕಿಯಿಂದ ತಲೆ ಹಾಕಿ, “ಎಷ್ಟಿತ್ತು ಸಾರ್ ಕೊನೆಗೆ?” ಎಂದ.

“ಎರಡು.”

“ನಾನು ಹೇಳಿರಲಿಲ್ವಾ!” ಎಂದು ಹಾರ್ನು ಹೊಡೆದು ಹೋದ.

ಗುಮಾಸ್ತ ಒಂದೇ ಉಸಿರಿಗೆ ಮೇಲೆ ಓಡಿದ. ಹೆಂಡತಿಯ ಹಳೆಯ ಸರವೊಂದನ್ನು ಕತ್ತರಿಸಿ ಎರಡು ಸರಪಳಿ ಮಾಡಿದ, ಕತ್ತರಿ ಹಾಕಿ ಅಂಟಿಸಿದ. ಐದಕ್ಕೆ ಹತ್ತು ನಿಮಿಷವಿರುವಾಗ ಲಾರಿಯನ್ನು ಪ್ರದರ್ಶನದ ಮೇಜಿನ ಮೇಲಿಟ್ಟ. ಗ್ರೀಸು ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಹೊಳೆಯುತ್ತಿದ್ದವು.

ತೀರ್ಪುಗಾರರು ಮೂವರು. ಮೂವರೂ ವಯಸ್ಸಾದವರು, ಮೂವರಿಗೂ ಸೊಂಟ ನೋವು.

“ಕೆಳಗೆ ನೋಡಿ ಸಾರ್, ಎರಡನೇ ಟ್ರೇಲರಿನ ಕೆಳಗೆ,” ಎಂದು ಅವನು ಗೋಗರೆದ.

“ಬಗ್ಗೋಕಾಗಲ್ಲಪ್ಪ,” ಎಂದರು ಹಿರಿಯ ತೀರ್ಪುಗಾರರು. “ಇದೆ ಅಂತ ನಂಬ್ತೀವಿ ಬಿಡು.” ಒಂದು ಹೆಜ್ಜೆ ಮುಂದಿಟ್ಟವರೇ ಪಕ್ಕದ ಮೇಜಿನ ಎದುರು ನಿಂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಪಕ್ಕದ ಮೇಜಿನ ಮೇಲೆ ಊಟದ ತಟ್ಟೆಯಷ್ಟಗಲದ ಒಂದು ಓಣಿ ಇತ್ತು. ಹಲ್ಲಿನ ಅಚ್ಚು ತೆಗೆಯುವ ಬಿಳಿ ಪ್ಲಾಸ್ಟರಿನ ಮನೆಗಳು, ಮೇಣದ ಜನ, ಹಲ್ಲಿಗೆ ಕಟ್ಟುವ ತಂತಿಯ ದೀಪದ ಕಂಬ. ನಡುವೆ ಸಿಕ್ಕಿಬಿದ್ದ ಮೂರು ಟ್ರೇಲರಿನ ಲಾರಿ. ಕೈ ಬೀಸುವ ಹೆಡ್‌ಮಾಸ್ಟರು, ಬಾಲ್ಕನಿಯ ಅಜ್ಜಿ, ಸೌಟು ಹಿಡಿದ ಹೆಂಗಸು. ಎರಡನೆಯ ಮತ್ತು ಮೂರನೆಯ ಟ್ರೇಲರುಗಳ ನಡುವಿನಿಂದ ಹೊರಚಾಚಿದ ಎರಡು ಕಾಲು. ಒಂದು ಕಾಲಿಗೆ ಮಾತ್ರ ಚಪ್ಪಲಿ.

ಅದರ ಹಿಂದೆ ಹಲ್ಲಿನ ಡಾಕ್ಟರು ಕೈ ಕಟ್ಟಿ ನಿಂತಿದ್ದರು.

“ನಿಮ್ಮ ದಯೆ ರೀ,” ಎಂದರು. “ಬೆಳಿಗ್ಗೆಯಿಂದ ಬಾಗಿಲು ಬಂದ್. ಒಬ್ಬ ರೋಗಿಯೂ ಒಳಗೆ ಬರಲಿಲ್ಲ. ಇಂಥ ಪುರುಸೊತ್ತು ನನಗೆ ಹತ್ತು ವರ್ಷದಿಂದ ಸಿಕ್ಕಿರಲಿಲ್ಲ. ಕಿಟಕಿ ಮುಂದೇನೇ ಎಲ್ಲ ಇತ್ತು, ನೋಡ್ಕೊಂಡು ಮಾಡಿದೆ.”

ಗುಮಾಸ್ತ ಥಟ್ಟನೆ ಬಗ್ಗಿ ಲಾರಿಯ ತಳ ನೋಡಿದ. ಮುಖ ಅರಳಿತು. “ಸರಪಳಿ ಒಂದೇ! ಸಾರ್, ಇದರಲ್ಲಿ ಸರಪಳಿ ಒಂದೇ ಇದೆ! ತಪ್ಪು!”

“ಇರಬಹುದು,” ಎಂದರು ಡಾಕ್ಟರು ತಣ್ಣಗೆ. “ಅಲ್ಲಿ ಯಾರು ನೋಡ್ತಾರೆ?”

ಮೊದಲ ಬಹುಮಾನ ಡಾಕ್ಟರಿಗೆ ಬಂತು. ಗುಮಾಸ್ತನ ಲಾರಿಗೆ ‘ಶ್ರಮವಹಿಸಿದ್ದಾರೆ’ ಎಂಬ ಕಾಗದ ಬಂತು. ಡಾಕ್ಟರು ದೊಡ್ಡ ಮನಸ್ಸಿನವರು. ಬಹುಮಾನದ ಬಟ್ಟಲನ್ನು ತಾವಿಟ್ಟುಕೊಂಡು ಓಣಿಯನ್ನು ಗುಮಾಸ್ತನ ಹೆಂಡತಿಯ ಕೈಗೆ ಕೊಟ್ಟರು. “ನಿಮ್ಮ ಯಜಮಾನರ ಕಾಲು ಇದರಲ್ಲಿದೆಯಮ್ಮಾ, ನಿಮ್ಮ ಮನೇಲೇ ಇರ್ಲಿ.”

ಅವಳಿಗೆ ಅದು ತುಂಬ ಹಿಡಿಸಿತು. ಸೌಟಂತೂ ತನ್ನದೇ ಎಂದು ಎಲ್ಲರಿಗೂ ತೋರಿಸಿದಳು. ಮನೆಗೆ ಬಂದವಳೇ ಊಟದ ಮೇಜನ್ನು ಒರೆಸಿ, ನಡುಮಧ್ಯದಲ್ಲಿ ಅದನ್ನಿಟ್ಟು, ಧೂಳು ಬೀಳದಿರಲೆಂದು ಗಾಜಿನ ಮುಚ್ಚಳ ಮುಚ್ಚಿದಳು. ಮಗಳು ತಟ್ಟೆ ತಂದು ಮೇಜಿನ ಮೇಲಿಡಲು ಹೋದರೆ, “ಜೋಪಾನ, ಸಾರು ಸಿಡಿದೀತು. ತೊಡೆ ಮೇಲಿಟ್ಕೊಂಡು ತಿನ್ನು,” ಎಂದಳು.

ಅವತ್ತು ಗುಮಾಸ್ತ ಗಳಿಸಿದ್ದು, ಸರಪಳಿ ಎರಡು ಎಂಬ ತಿಳಿವಳಿಕೆ. ಕಳೆದುಕೊಂಡದ್ದು ಒಂದು ಚಪ್ಪಲಿ, ಹೆಂಡತಿಯ ಸರ ಮತ್ತು ಮೇಜು. ಮೇಜಿನ ಮೇಲೆ ಮೂರು ಟ್ರೇಲರಿನ ಲಾರಿ ಈಗಲೂ ಇದೆ, ಆದರೆ ಅದು ಅವನದಲ್ಲ. ಅವನದು ಅಟ್ಟದಲ್ಲಿದೆ. ಕೊಂಡಿಗಳನ್ನೆಲ್ಲ ಬಿಗಿಯಾಗಿ ಅಂಟಿಸಿದ್ದರಿಂದ ಅದು ಅಟ್ಟದ ಏಣಿಯ ತಿರುವಿನಲ್ಲಿ ಬಳುಕಲಿಲ್ಲ. ಮೂರು ತುಂಡು ಮಾಡಿ ಏರಿಸಬೇಕಾಯಿತು.