ಅಮರೇಶ ಮಾಸ್ತರರ ಕಬ್ಬಿಣ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚೂರು ಹತ್ತಿ.

ದೇವದುರ್ಗದ ಹೈಸ್ಕೂಲಿನ ಡ್ರಿಲ್ ಮಾಸ್ತರ ಅಮರೇಶ ಸೀಟಿ ಊದಿದರೆ ಅರಕೇರಾ ರಸ್ತೆಯಲ್ಲಿ ಬಸ್ಸು ಬ್ರೇಕು ಹಾಕುತ್ತಿತ್ತು. ಇದನ್ನು ಕಣ್ಣಾರೆ ಕಂಡವರಿದ್ದಾರೆ. ಆ ಹೊತ್ತಿಗೆ ಅವರು ಮಾನ್ವಿಯಲ್ಲಿದ್ದರು ಎನ್ನುವುದು ಬೇರೆ ಮಾತು. ಇಂಥ ಮಾಸ್ತರರು ಭೂಮಿಯ ಮೇಲೆ ಹೆದರುತ್ತಿದ್ದುದು ಸೂಜಿಗೆ ಮಾತ್ರ. ಹೆಂಡತಿ ನಾಗವೇಣಿ ಅಂಗಿಗೆ ಗುಂಡಿ ಹಚ್ಚಲು ಕುಳಿತರೂ ಅವರು ಹಿತ್ತಲಿಗೆ ಹೋಗಿ ಆಕಾಶ ನೋಡುತ್ತ ನಿಲ್ಲುತ್ತಿದ್ದರು.

ಆ ಸೂಜಿಯೇ ಅವರ ಬೆನ್ನು ಹತ್ತಿತು. ಬೆರಳಿನ ಗಿಣ್ಣುಗಳು ನೋಯುತ್ತವೆ, ಮೈ ಸೋಲುತ್ತದೆ ಎಂದು ರಾಯಚೂರಿಗೆ ಹೋದರೆ ಡಾಕ್ಟರು ಪರೀಕ್ಷೆ ಮಾಡಿಸಿ ಹೇಳಿದರು:

"ಮಾಸ್ತರ, ನಿಮ್ಮ ರಕ್ತದಾಗ ಕಬ್ಬಿಣ ಮಿತಿ ಮೀರ್ಯದ. ಹಿಂಗೇ ಬಿಟ್ರ ಲಿವರ್ ಕೆಡ್ತದ. ಇದಕ್ಕ ಔಷಧ ಅಂದ್ರ ರಕ್ತ ತೆಗೆಯೋದು. ಕಬ್ಬಿಣ ಇಳಿಯೋತನಕ ವಾರಕ್ಕೊಂದು ಬಾಟ್ಲಿ."

ಮೊದಲ ಮಂಗಳವಾರ ಸೂಜಿ ಇನ್ನೂ ಪೊಟ್ಟಣದಲ್ಲಿರುವಾಗಲೇ ಮಾಸ್ತರರು ಮೂರ್ಛೆ ಹೋದರು. ಅವರು ಬಿದ್ದ ಸದ್ದಿಗೆ ಕೆಳಗಿನ ಔಷಧಿ ಅಂಗಡಿಯವನು ಭೂಕಂಪವೆಂದು ಗಲ್ಲಾಪೆಟ್ಟಿಗೆ ಎತ್ತಿಕೊಂಡು ರಸ್ತೆಗೆ ಬಂದನಂತೆ. ಸಂಜೆ ಊರಿಗೆ ಮರಳಿದಾಗ ಹೆಡ್ಮಾಸ್ತರ ಹನುಮಂತ್ರಾಯರು ಅವರ ಮೊಣಕೈ ಮೇಲಿನ ಹತ್ತಿ ನೋಡಿ, "ಏನ್ರಿ ಇದು?" ಎಂದು ಕೇಳಿಬಿಟ್ಟರು. ಖರೆ ಹೇಳಿದರೆ ಮೂರ್ಛೆಯದೂ ಹೇಳಬೇಕು. ಮಾಸ್ತರರು ಎದೆ ಉಬ್ಬಿಸಿ, "ರಕ್ತದಾನ ಮಾಡಿ ಬಂದೀನಿ ಸರ್" ಎಂದರು.

ಅಷ್ಟೇ. ಸೂರ್ಯ ಮುಳುಗುವುದರೊಳಗೆ ಸುದ್ದಿ ಮಸರಕಲ್ ದಾಟಿತ್ತು. ಮುಂದಿನ ಮಂಗಳವಾರವೂ ಹತ್ತಿ, ಅದರ ಮುಂದಿನದಕ್ಕೂ ಹತ್ತಿ. ವಾರವಾರ ರಕ್ತ ಕೊಡಲು ಬರುವುದಿಲ್ಲ ಎಂಬುದು ಊರಿಗೆ ಹೊಳೆಯಲಿಲ್ಲ. ಹೊಳೆದವರೂ ಮಾಸ್ತರರ ಗಾತ್ರ ನೋಡಿ ಸುಮ್ಮನಾದರು. ಜೊತೆಗೆ, ಇಷ್ಟು ರಕ್ತ ಕೊಡುವವರಿಗೆ ರಕ್ತ ತುಂಬಿಸಬೇಕಲ್ಲ ಎಂದು ಓಣಿಗೆ ಓಣಿಯೇ ಟೊಂಕ ಕಟ್ಟಿತು. ಖರ್ಜೂರ, ಬೀಟ್‌ರೂಟು, ನುಗ್ಗೆಸೊಪ್ಪು, ಕುರಿಯ ಕಲೇಜಿ. ಡಾಕ್ಟರು ಯಾವುದನ್ನು ಬೇಡವೆಂದಿದ್ದರೋ ಅದೇ ಬಾಗಿಲಿಗೆ ಬರುತ್ತಿತ್ತು. ಬೇಡವೆಂದರೆ ಗುಟ್ಟು ರಟ್ಟು. ಮಾಸ್ತರರು ಎಲ್ಲವನ್ನೂ ಕೈಮುಗಿದು ಇಸಿದುಕೊಂಡು ಕದ್ದು ಓಣಿಯ ನಾಯಿಗೆ ಹಾಕಿದರು. ಬಡಕಲು ನಾಯಿ ಕೋಣದಷ್ಟಾಗಿ, ಈಗ ಲಾರಿಗಳೇ ಅದಕ್ಕೆ ದಾರಿ ಬಿಡುತ್ತಿದ್ದವು.

ಈ ಮಂಗಳವಾರ ಬಹಳ ಮುಖ್ಯದ ದಿನ. ಕಬ್ಬಿಣದ ಅಂಕಿ ಇಳಿದಿದ್ದರೆ ಮೂರು ತಿಂಗಳು ಸೂಜಿ ಇಲ್ಲ ಎಂದು ಡಾಕ್ಟರು ಮಾತು ಕೊಟ್ಟಿದ್ದರು. ಮಾಸ್ತರರು ಚಪ್ಪಲಿ ಮೆಟ್ಟುವಷ್ಟರಲ್ಲಿ ಪಕ್ಕದ ಮನೆಯ ಅಂಗನವಾಡಿ ಟೀಚರು ದುರುಗಮ್ಮ ಡಬ್ಬಿ ಹಿಡಿದು ಬಂದರು.

"ತಗೋರಿ ಮಾಸ್ತರ, ಶೇಂಗಾ ಹಿಂಡಿ. ರೊಟ್ಟಿ ಜೋಡಿ ಖಾಲಿ ಮಾಡೇ ಬರಬೇಕು."

"ನಿಮ್ಮ ಹಿಂಡಿ ಬಿಡಾಕ ಆಗ್ತದೇನವ್ವ."

ಇದು ಮಾತ್ರ ಸುಳ್ಳಲ್ಲ. ಶೇಂಗಾ ಚಟ್ನಿಪುಡಿಯಲ್ಲಿ ಏನು ಮಹಾ ಇರುತ್ತದೆ ಎಂದು ಅವರು ಅದೊಂದನ್ನೇ ನೆಮ್ಮದಿಯಿಂದ ತಿನ್ನುತ್ತಿದ್ದರು. ಬಣ್ಣ ತುಸು ಕಪ್ಪು; ತಿಂದ ಮೇಲೆ ಬಾಗಿಲ ಚಿಲಕ ನೆಕ್ಕಿದ ಹಾಗೆ ನಾಲಿಗೆ ಚುರುಗುಟ್ಟುತ್ತಿತ್ತು. ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ ಎಂದುಕೊಂಡಿದ್ದರು.

ದುರುಗಮ್ಮ ನಾಗವೇಣಿಯ ಕಡೆ ತಿರುಗಿ ದಿನದ ಗೋಳು ತೋಡಿಕೊಂಡರು: "ಮನಿಮನಿಗಿ ಕಬ್ಬಿಣದ ಗುಳಗಿ ಹಂಚಿ ಹಂಚಿ ನನ್ನ ಕಾಲು ಸವದ್ವು ನೋಡವ್ವ. ಒಬ್ಬರರ ನುಂಗ್ತಾರೇನು? ಸಾಲ್ಯಾಗೂ ಇದ ಹಾಡು. ಸೋಮವಾರ ಕೊಟ್ಟ ಗುಳಗಿ ಹುಡುಗ್ರು ಬೇವಿನ ಗಿಡಕ್ಕ ಉಗುಳ್ತಾವ."

ಆ ಬೇವಿನ ಮರಕ್ಕೆ ತುಕ್ಕು ಹಿಡಿದಿದೆ ಎಂದು ಊರಲ್ಲಿ ಪ್ರತೀತಿ.

ಬಸ್ಸಿನಲ್ಲಿ ಕಂಡಕ್ಟರ್ ಗಡಿಗೆಪ್ಪ ಇಬ್ಬರನ್ನು ಎಬ್ಬಿಸಿ, "ಏಳ್ರಪ್ಪಾ, ದಾನಿ ಮಾಸ್ತರು ಬಂದಾರ" ಎಂದು ಮಾಸ್ತರರನ್ನು ಕಿಟಕಿಗೆ ಕೂರಿಸಿದ. ಯಾರೋ ಅಜ್ಜಿ ದಾಳಿಂಬೆ ಸುಲಿದು ಬಾಯಿಗೇ ತುರುಕಿದಳು. ಅದನ್ನು ಕೆನ್ನೆಯಲ್ಲಿಟ್ಟುಕೊಂಡೇ ಮಾಸ್ತರರು ರಾಯಚೂರು ಮುಟ್ಟಿದರು.

ಡಾಕ್ಟರು ವರದಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇಳಿಯೋದಿರ್ಲಿ, ಏರ್ಯದ. ಏನು ತಿನ್ನಾಕತ್ತೀರಿ, ಖರೆ ಹೇಳ್ರಿ."

"ರೊಟ್ಟಿ, ಹಿಂಡಿ. ಉಳಿದದ್ದು ನಾಯಿನ ಕೇಳ್ರಿ," ಎಂದು ಮಾಸ್ತರರು ದಾನಿಯ ಕಥೆಯನ್ನೂ ನಾಯಿಯ ಕಥೆಯನ್ನೂ ಒಪ್ಪಿಸಿದರು.

"ನಾಯಿ ರಕ್ತ ಆಮೇಲೆ ನೋಡೋಣು. ಊರಾಗ ಖರೆ ಹೇಳಿ, ತಿನ್ನಿಸೋದು ನಿಲ್ಲಸ್ರಿ. ಇಲ್ಲಾಂದ್ರ ನಿಮ್ಮ ಮಂಗಳವಾರ ಎಲ್ಲಾ ನನ್ನವು. ತೋಳು ಚಾಚ್ರಿ."

ಮಾಸ್ತರರು ವಾಡಿಕೆಯಂತೆ ಮೂರ್ಛೆ ಹೋಗಿ, ಎದ್ದು, ಹತ್ತಿ ಒತ್ತಿಕೊಂಡು ಊರಿಗೆ ಬಂದರೆ ಸಾಲೆಯ ಮುಂದೆ ಶಾಮಿಯಾನಾ. ಅರ್ಧ ದೇವದುರ್ಗ ಅಲ್ಲೇ ಕೂತಿದೆ. ಬ್ಯಾನರಿನಲ್ಲಿ ಅವರದೇ ಫೋಟೋ. ಕೆಳಗೆ ಬಿಳಿ ಹಾಸಿಗೆ, ಪಕ್ಕದ ತಟ್ಟೆಯಲ್ಲಿ ಫಳಫಳ ಹೊಳೆಯುವ ಸೂಜಿ.

"ಬರ್ರಿ ಬರ್ರಿ," ಹನುಮಂತ್ರಾಯರು ಶಾಲು ಹೊದಿಸಿದರು. "ನಿಮ್ಮ ಹೆಸರಿಲೇ ರಕ್ತದಾನ ಶಿಬಿರ. ಮೊದಲನೇ ಬಾಟ್ಲಿ ನಿಮ್ದ."

"ಸರ್, ಈಗಷ್ಟೇ ಕೊಟ್ಟು ಬಂದೀನಿ."

"ಗೊತ್ತದ. ನಿಮ್ಮಂಥವ್ರಿಗಿ ಇನ್ನೊಂದು ಯಾವ ಲೆಕ್ಕ?"

ಮಾಸ್ತರರು ಗುಂಪಿನಲ್ಲಿ ನಾಗವೇಣಿಯನ್ನು ಹುಡುಕಿದರು. ಆಕೆ ಮುಂದೆ ಬಂದು, ಶಾಲಿನ ತುದಿ ಸರಿಪಡಿಸುವ ನೆವದಲ್ಲಿ ಮೆಲ್ಲಗೆ ಹೇಳಿದಳು: "ಹೇಳಿಬಿಡ್ರಿ. ಮರ್ಯಾದಿ ಹೋದ್ರ ನಾಳೆ ಬರ್ತದ. ನೀವು ಹೋದ್ರ ನಾ ಯಾರನ್ನ ಬೈಲಿ?"

ಮಾಸ್ತರರು ಮೈಕು ಹಿಡಿದರು. ಸೀಟಿಯಂಥ ದನಿ ಇಲಿಮರಿಯದಾಗಿತ್ತು.

"ನಾನು ದಾನಿ ಅಲ್ರಿ. ನನಗ ಜಡ್ಡು ಅದ. ರಕ್ತದಾಗ ಕಬ್ಬಿಣ ಭಾಳ ಆಗ್ಯದ, ಅದಕ್ಕ ವಾರವಾರ ತೆಗಸಾಕತ್ತೀನಿ. ಆ ರಕ್ತ ಚೆಲ್ತಾರ. ಸೂಜಿ ಕಂಡ್ರ ಮೂರ್ಛಿನೂ ಹೋಗ್ತೀನಿ. ಇನ್ನ ನನಗ ಏನೂ ತಿನ್ನಾಕ ಕೊಡಬ್ಯಾಡ್ರಿ, ಕೈ ಮುಗೀತೀನಿ."

ಶಾಮಿಯಾನಾದಲ್ಲಿ ಸೊಳ್ಳೆ ಕೂಡ ರೆಕ್ಕೆ ಮಡಚಿ ಕೂತಿತು. ಮಾಸ್ತರರು ಶಾಲು ಮಡಚಿ ವಾಪಸು ಕೊಡಲು ಹೊರಟರು. ಆಗ ಹಿಂದಿನ ಸಾಲಿನಿಂದ ದುರುಗಮ್ಮ ಎದ್ದು ನಿಂತರು. ಕಣ್ಣಲ್ಲಿ ನೀರು.

"ಕಬ್ಬಿಣ ಹೆಚ್ಚಾಗ್ಯದ? ಖರೇನ ಹೆಚ್ಚಾಗ್ಯದ?"

"ಹೌದವ್ವ."

"ನೋಡ್ರಿ ಹೆಡ್ಮಾಸ್ತರ," ದುರುಗಮ್ಮ ಸೆರಗು ಬಿಗಿದು ವೇದಿಕೆಗೇ ಬಂದರು. "ನನ್ನ ಗುಳಗಿ ಮೈಗಿ ಹತ್ತಂಗಿಲ್ಲ ಅಂತ ಇಡೀ ತಾಲೂಕ ನಗ್ತಿತ್ತು. ಈ ಮಾಸ್ತರು ಕಲೇಜಿ ನಾಯಿಗಿ ಹಾಕೋದು ನಾ ಕಂಡೀನಿ. ದಾನ ಮಾಡಿ ಮಾಡಿ ಸತ್ತುಹೋಗ್ತಾರ ಅಂತ, ಮಂದಿ ಒಗದ ಗುಳಗಿ ಎಲ್ಲಾ ಆರಿಸಿ, ಕುಟ್ಟಿ, ಹಿಂಡ್ಯಾಗ ಹಾಕೀನಿ. ಈಗ ಯಾರರ ಹೇಳ್ರಿ, ಗುಳಗಿ ಹತ್ತಂಗಿಲ್ಲಂತ."

ಮಾಸ್ತರರ ನಾಲಿಗೆ ತನ್ನಷ್ಟಕ್ಕೆ ಚುರುಗುಟ್ಟಿತು.

ಚಪ್ಪಾಳೆ ಬಿತ್ತು ನೋಡಿ, ಕೃಷ್ಣಾ ನದಿಯ ಆಚೆ ದಡದ ಕೊಕ್ಕರೆಗಳು ಎದ್ದು ಹಾರಿದವು. ಹನುಮಂತ್ರಾಯರು ಮಾಸ್ತರರ ಕೈಯಿಂದ ಶಾಲು ಕಸಿದು ಮತ್ತೆ ಹೊದಿಸಿ, ಮೈಕಿಗೆ ಬಾಯಿ ಹಚ್ಚಿದರು.

"ನಮ್ಮ ಮಕ್ಕಳಿಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು? ಇನ್ನ ಪ್ರತಿ ಸೋಮವಾರ ಪ್ರಾರ್ಥನಾ ಆದಮ್ಯಾಲ ಅಮರೇಶ ಮಾಸ್ತರು ಕಟ್ಟಿ ಮ್ಯಾಲ ನಿಂತು, ಎಲ್ಲರಕಿಂತ ಮೊದಲ ಗುಳಗಿ ನುಂಗಿ ತೋರಸ್ತಾರ."

ಮಾಸ್ತರರು ಅವರ ತೋಳು ಜಗ್ಗಿದರು. "ಸರ್, ನನಗ ಕಬ್ಬಿಣ ಆಗಿಬರಂಗಿಲ್ಲ ಅಂತ ಈಗ ಹೇಳಿದೆನಲ್ರಿ."

"ಒಂದು ಗುಳಗಿಗಿ ಏನಾಗ್ತದ ಮಾರಾಯರ," ಎಂದರು ಹನುಮಂತ್ರಾಯರು ಬೆನ್ನು ತಟ್ಟಿ. "ಹೆಂಗೂ ಮಂಗಳವಾರ ತೆಗಸಾಕ ಹೋಗ್ತೀರಲ್ಲ."

ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಅಭ್ಯಾಸಬಲದಿಂದ ಕೈ ಸೀಟಿಯನ್ನು ಬಾಯಿಗಿಟ್ಟಿತು. ಸೀಟಿಯೊಳಗಿಂದ ಹೊರಟದ್ದು ಒಂದು ಉದ್ದನೆಯ ನಿಟ್ಟುಸಿರು.

ಅರಕೇರಾ ರಸ್ತೆಯಲ್ಲಿ ಬಸ್ಸು ಬ್ರೇಕು ಹಾಕಿತು.